ಎಂಎಸ್‌ಡಬ್ಲ್ಯು ಓದುತ್ತಿದ್ದೇನೆ, ಫೀಲ್ಡ್‌ನಲ್ಲಿ ಬಾಯಿ ಕಟ್ಟುತ್ತದೆ. ಈ ಕೆಲಸ ಕಲಿಯೋದು ಹೇಗೆ?

ಜಗಳೂರು ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎರಡನೇ ಸೆಮಿಸ್ಟರ್. ಊರು ಜಗಳೂರು ಹತ್ತಿರದ ಒಂದು ಹಳ್ಳಿ. ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್ ಇರುತ್ತದೆ. ನನಗೆ ಸಿಕ್ಕಿರೋದು ಮಂಡಕ್ಕಿ ಭಟ್ಟಿಗಳ ಕಡೆಯ ಬಡಾವಣೆ.

ತರಗತಿಯಲ್ಲಿ ಎಲ್ಲ ಅರ್ಥವಾಗುತ್ತದೆ. ಕೇಸ್‌ವರ್ಕ್, ಗ್ರೂಪ್‌ವರ್ಕ್, ಸಮುದಾಯ ಸಂಘಟನೆ, ಏಳು ತತ್ವಗಳು, ಎಲ್ಲ ಬರೆದು ಒಳ್ಳೆ ಅಂಕ ತಗೊಂಡಿದ್ದೇನೆ. ಫೀಲ್ಡಿಗೆ ಹೋದರೆ ಮಾತ್ರ ಬಾಯಿ ಕಟ್ಟುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಹೋಗುತ್ತೇವೆ. ಅರ್ಧ ಮನೆಗಳ ಬಾಗಿಲು ಹಾಕಿರುತ್ತದೆ. ಬಾಗಿಲು ತೆರೆದವರು "ಸರ್ವೇನಾ? ಏನು ಕೊಡ್ತೀರಿ?" ಅಂತಾರೆ. ಒಂದು ಜಾಗೃತಿ ಜಾಥಾ ಮಾಡಿದೆವು. ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡೆವು. ವರದಿ ಬರೆದೆವು. ಅಷ್ಟೇ.

ಅಲ್ಲಿ ಒಬ್ಬ ಅಮ್ಮನಿಗೆ ವಿಧವಾ ವೇತನ ನಿಂತುಹೋಗಿದೆ. ಅವರ ಜೊತೆ ಒಂದು ಕಚೇರಿಗೆ ಹೋದೆ. ಕೌಂಟರ್‌ನಲ್ಲಿದ್ದವರು "ನೀನು ಯಾರಮ್ಮ? ನಿನಗೇನು ಸಂಬಂಧ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಆ ಅಮ್ಮನೇ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು.

ಮುಂದಿನ ಸೆಮಿಸ್ಟರ್‌ನಲ್ಲಿ ನಾಯಕತ್ವ, ಅಡ್ವೊಕೆಸಿ (ಜನರ ಹಕ್ಕಿನ ಪರ ದನಿ ಎತ್ತೋದು) ಅಂತ ಓದೋದಿದೆ. ನಾನು ಸಂಕೋಚದವಳು. ಮೈಕ್ ಹಿಡಿದರೆ ಕೈ ನಡುಗುತ್ತದೆ. ನನ್ನಂಥವರಿಗೆ ಇದು ಬರುತ್ತದಾ? ಈ ಕೆಲಸದಲ್ಲಿ ಪಳಗಿದವರು ದಯವಿಟ್ಟು ಹೇಳಿ.

ಹರಿಹರದ ಹುಡುಗ

ನಾನೂ ಎಂಎಸ್‌ಡಬ್ಲ್ಯು. ಎಚ್‌ಆರ್ (ಸಿಬ್ಬಂದಿ ನಿರ್ವಹಣೆ) ತಗೊಂಡೆ, ಈಗ ಕಾರ್ಖಾನೆಯಲ್ಲಿದ್ದೇನೆ, ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಭಾಷಣ ಕಲಿಸುವ ಕೋರ್ಸ್ ಒಂದಕ್ಕೆ ಸೇರಿಕೊಳ್ಳಿ, ಧೈರ್ಯ ತಾನಾಗಿ ಬರುತ್ತದೆ.

ಚಳ್ಳಕೆರೆ ಅಕ್ಕ

ತಂಗಿ, ಎಚ್‌ಆರ್ ತಗೊಳ್ಳೋದು ಬಿಡೋದು ನಿನ್ನಿಷ್ಟ. ಸಂಬಳ ಬೇಡ ಅನ್ನುವಷ್ಟು ದೊಡ್ಡವಳು ನಾನಲ್ಲ. ಆದರೆ ಭಾಷಣದ ಕೋರ್ಸಿಗೆ ದುಡ್ಡು ಸುರಿಯಬೇಡ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದೇ ಕೆಲಸ ಮಾಡಿಕೊಂಡಿದ್ದೇನೆ. ಮೊದಲು ಸ್ತ್ರೀಶಕ್ತಿ ಸಂಘಗಳ ಜೊತೆ, ಆಮೇಲೆ ಒಂದು ಸಣ್ಣ ಸಂಸ್ಥೆಯಲ್ಲಿ. ಮೈಕ್ ಸಿಕ್ಕರೆ ಬಿಡದವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ನಿಂತುಹೋದ ಒಂದು ಪಿಂಚಣಿ ವಾಪಸ್ ತಂದವರು ಕಡಿಮೆ.

ಮೊದಲು ಹನ್ನೊಂದು ಗಂಟೆಯ ವಿಷಯ. ಎಷ್ಟೋ ಭಟ್ಟಿಗಳಲ್ಲಿ ನಸುಕಿಗೆ ಮುಂಚೆಯೇ ಒಲೆ ಹತ್ತುತ್ತದೆ. ಬಿಸಿಲೇರಿದ ಮೇಲೆ ಆ ಉರಿಯ ಮುಂದೆ ನಿಲ್ಲೋಕಾಗಲ್ಲ ಅಲ್ವಾ. ಹೊಗೆ ಕುಡಿದು, ಬಿಸಿ ಮರಳಲ್ಲಿ ಅಕ್ಕಿ ಹುರಿದು ಬಂದವರು ಆ ಹೊತ್ತಿಗೆ ಮಲಗಿರುತ್ತಾರೆ. ನೀವು ಬಾಗಿಲು ತಟ್ಟಿ ಜಾಗೃತಿ ಅಂದರೆ ಯಾರಿಗೆ ಬೇಕು? ಹನ್ನೊಂದು ಗಂಟೆ ನಿಮ್ಮ ಕಾಲೇಜಿಗೆ ಅನುಕೂಲ, ಅವರಿಗಲ್ಲ. ಸಂಜೆಗೆ ಬದಲಾಯಿಸಿ ಅಂತ ನಿಮ್ಮ ಮೇಲ್ವಿಚಾರಕರನ್ನು ಕೇಳು. ಕೇಳುವಾಗ ನಿನ್ನ ಕಷ್ಟ ಹೇಳಬೇಡ, ಆ ಮನೆಗಳ ದಿನಚರಿ ಹೇಳು. ಅಡ್ವೊಕೆಸಿ ಅಂದೆಯಲ್ಲ, ನನ್ನ ಲೆಕ್ಕದಲ್ಲಿ ಅದು ಇಲ್ಲಿಂದಲೇ ಶುರು. ಕಾಲೇಜಿನ ಒಳಗೆ ಒಂದು ಸಮಯ ಬದಲಾಯಿಸೋಕೆ ಆಗದವರು ತಾಲ್ಲೂಕು ಕಚೇರಿಯಲ್ಲಿ ಏನು ಬದಲಾಯಿಸುತ್ತಾರೆ?

ಮನೆಗೆ ಹೋದಾಗ ಫಾರಂ ಹೊರಗೆ ತೆಗೆಯಬೇಡ. ಫಾರಂ ಕಂಡ ಕೂಡಲೇ ಜನ ಯಾವುದೋ ಯೋಜನೆ ಬಂದಿದೆ ಅಂದುಕೊಳ್ಳುತ್ತಾರೆ, ಅದಕ್ಕೆ ಹೊಂದುವ ಉತ್ತರ ಕೊಡುತ್ತಾರೆ. ಅವರು ನೆಲದ ಮೇಲೆ ಕೂತಿದ್ದರೆ ನೀನೂ ಕೂತ್ಕೋ. "ಯಾಕೆ" ಅಂತ ಶುರುವಾಗುವ ಪ್ರಶ್ನೆ ಬೇಡ. "ಮಗಳನ್ನು ಯಾಕೆ ಶಾಲೆ ಬಿಡಿಸಿದಿರಿ" ಅಂದರೆ ಪೊಲೀಸ್ ವಿಚಾರಣೆ ಆಗುತ್ತದೆ. "ಅವಳು ಶಾಲೆ ಬಿಟ್ಟ ವರ್ಷ ಮನೆಯಲ್ಲಿ ಹೇಗಿತ್ತಮ್ಮ" ಅಂತ ಕೇಳಿ ನೋಡು. ಕೇಳಿದ ಮೇಲೆ ಸುಮ್ನೆ ಇರು. ಬಾಯಿ ಕಟ್ಟುತ್ತದೆ ಅಂದೆಯಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಾತು ಜಾಸ್ತಿ ಇರುವ ಹುಡುಗರು ಎದುರಿನವರು ಉಸಿರು ತಗೊಳ್ಳುವ ಮೊದಲೇ ಸಲಹೆ ಕೊಟ್ಟುಬಿಡುತ್ತಾರೆ.

ಹೊರಗೆ ಬಂದು, ಸಿಟಿ ಬಸ್ಸಲ್ಲಿ ಕೂತು ಬರೆದುಕೋ. "ಆರ್ಥಿಕ ಸಂಕಷ್ಟದಲ್ಲಿದ್ದಾರೆ" ಅಂತ ಬರೆಯಬೇಡ. "ರೇಷನ್ ಅಕ್ಕಿ ಇಪ್ಪತ್ತನೇ ತಾರೀಕಿಗೆ ಮುಗಿಯುತ್ತೆ ಅಂದರು" ಅಂತ ಬರಿ. ಇಂಥ ಸಾಲುಗಳೇ ಮುಂದೆ ಮನವಿಗೆ, ಗ್ರಾಮಸಭೆಗೆ, ಪತ್ರಿಕೆಯವರಿಗೆ ಬೇಕಾಗೋದು.

ಒಂದು ಮಾತು ಮಾತ್ರ ಯಾರಿಗೂ ಕೊಡಬೇಡ: "ಯಾರಿಗೂ ಹೇಳಲ್ಲ" ಅನ್ನೋದು. ಪುಸ್ತಕದಲ್ಲಿ ಗೋಪ್ಯತೆ ಅಂತ ಒಂದು ಸಾಲಲ್ಲಿ ಮುಗಿಸಿರುತ್ತಾರೆ. ಹದಿನೆಂಟು ತುಂಬದ ಹುಡುಗಿ ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ನಿನಗೆ ಹೇಳಿದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಇರೋದೇ ಅಪರಾಧ. ಆಮೇಲೆ ಆ ಮಗು ನಿನ್ನನ್ನು ನೋಡಿ "ಹೇಳಲ್ಲ ಅಂದಿದ್ದೆಯಲ್ಲಕ್ಕ" ಅಂದರೆ? ಅದಕ್ಕೇ ಮೊದಲೇ ಹೇಳಬೇಕು: "ನಿನ್ನ ಮಾತು ಬೀದಿಗೆ ಹೋಗಲ್ಲ, ಆದರೆ ನಿನಗೆ ಅಪಾಯ ಇದ್ದರೆ ಸಹಾಯ ಮಾಡುವವರಿಗೆ ತಿಳಿಸಬೇಕಾಗುತ್ತೆ." ಬಾಲ್ಯವಿವಾಹದ ಸುದ್ದಿ ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು, ನೀನೊಬ್ಬಳೇ ಮದುವೆ ಮನೆಗೆ ನುಗ್ಗಬೇಡ. ಹಾಗೇ ಮಕ್ಕಳ ಫೋಟೊ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕೋ ಚಟ ಬಿಡಿ. ಮಕ್ಕಳ ಗುರುತು ಬಯಲು ಮಾಡೋದರ ಬಗ್ಗೆ ಇರುವ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಒಮ್ಮೆ ಓದಿ, ಎಲ್ಲರೂ.

ಈಗ ಆ ಕಚೇರಿ. "ನೀನು ಯಾರು" ಅಂದರೆ "ಇವರ ಜೊತೆ ಬಂದಿದ್ದೇನೆ ಸರ್, ಇವರೇ ಮಾತಾಡ್ತಾರೆ" ಅನ್ನು. ಅದಕ್ಕೂ ಮುಂಚೆ ಅವರ ಮನೆಯಲ್ಲೇ ನೀನು ಗುಮಾಸ್ತ, ಅವರು ಅರ್ಜಿದಾರರು ಅಂತ ಮಾಡಿಕೊಂಡು ಅಭ್ಯಾಸ ಮಾಡಿ. ನಗು ಬರುತ್ತದೆ, ಬರಲಿ. ನಮ್ಮ ಸಂಘದ ಹೆಂಗಸರು ಬ್ಯಾಂಕ್ ಮ್ಯಾನೇಜರ್ ಪಾತ್ರ ಮಾಡಿ ಒಬ್ಬರನ್ನೊಬ್ಬರು ಗದರಿಸಿಕೊಂಡೇ ಸಾಲ ಕೇಳೋದು ಕಲಿತರು.

ಕಚೇರಿಯಲ್ಲಿ ಬಾಯಿಮಾತಿನ "ಆಗಲ್ಲ" ಇದೆಯಲ್ಲ, ಅದಕ್ಕೆ ಬೆಲೆ ಕೊಡಬೇಡ. ಅರ್ಜಿಯನ್ನು ಕಚೇರಿಯ ಟಪಾಲು ಮೇಜಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಸಹಿ ಹಾಕಿಸಿಕೊಳ್ಳಿ. ಆಗಲ್ಲ ಅಂದರೆ ಹಿಂಬರಹ, ಅಂದರೆ ಬರವಣಿಗೆಯ ಉತ್ತರ, ಕೊಡಿ ಅನ್ನಿ. ಹಿಂಬರಹದಲ್ಲಿ ಕಾರಣ ಬರೆಯಲೇಬೇಕು. ಕಾರಣ ಕಾಗದಕ್ಕೆ ಬಂದರೆ ಮೇಲಿನವರ ಹತ್ತಿರ ಹೋಗೋಕೆ ದಾರಿ ಆಯಿತು. ಜೋರು ಮಾತಾಡಿ ಗಳಿಸಲಾಗದ್ದನ್ನು ಈ ಒಂದು ಕಾಗದದಿಂದ ಗಳಿಸಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ನಾಯಕತ್ವದ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲ್ಲ. ನಮ್ಮ ಕಡೆ ಅಮೃತಮಹಲ್ ಕಾವಲಿನ (ಹುಲ್ಲುಗಾವಲಿನ) ಜಮೀನು, ಸುಮಾರು 10 ಸಾವಿರ ಎಕರೆ, ಡಿಆರ್‌ಡಿಒ, ಇಸ್ರೊ, ಬಾರ್ಕ್, ಐಐಎಸ್‌ಸಿ ಇಂಥ ರಕ್ಷಣಾ, ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆ ಆಯಿತು. ಕುರಿ ಮೇಯಿಸುವವರಿಗೆ, ಕಂಬಳಿ ನೇಯುವವರಿಗೆ ಅದೇ ಬದುಕು. ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಯಿತು, ಸತ್ಯಶೋಧನೆಗೆ ಸಮಿತಿಯೂ ಬಂತು. ಅಂಥ ಸಮಿತಿ ಮುಂದೆ ನಾನು ಪರಿಸರದ ಪಾಠ ಹೇಳಿದರೆ ಏನು ಬಂತು? ಕುರಿಗಾರ ಯಾವ ತಿಂಗಳು ಎಲ್ಲಿ ಹುಲ್ಲು, ಯಾವ ಕಟ್ಟೆಯಲ್ಲಿ ಎಲ್ಲಿವರೆಗೆ ನೀರು ಅಂತ ಹೇಳಿದರೆ ಅದಕ್ಕೆ ತೂಕ. ಆ ಜಮೀನಿನ ಸುತ್ತ ಕಟ್ಟಿದ ಗೋಡೆ ಇವತ್ತಿಗೂ ಇದೆ, ಎಲ್ಲ ಗೆದ್ದೆವು ಅಂತ ಸುಳ್ಳು ಹೇಳಲ್ಲ. ಆದರೆ ಆ ಹೋರಾಟದಿಂದ ಪಹಣಿ ಓದೋದು, ಆದೇಶದ ನಕಲು ಕೇಳೋದು ಊರಿನವರಿಗೇ ಬಂತು. ನನ್ನ ಮಟ್ಟಿಗೆ ನಾಯಕತ್ವ ಅಂದರೆ ಅದು.

ಬೆನ್ನು ಬೀಳೋದನ್ನೂ ಕಲಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಅಂತ ಘೋಷಣೆ ಆಯಿತು. ಸಿಹಿ ಹಂಚಿ ಮನೆಗೆ ಹೋಗಲಿಲ್ಲ ನಮ್ಮ ಜಿಲ್ಲೆಯ ರೈತರು, ಹಣ ಬಿಡುಗಡೆ ಮಾಡಿ ಅಂತ ಆಮೇಲೂ ಬೀದಿಗೆ ಇಳಿದರು.

ಹೊಳಲ್ಕೆರೆ ವಿಆರ್‌ಡಬ್ಲ್ಯು

ಅಕ್ಕನ ಮಾತಿಗೆ ನನ್ನದೊಂದು ತಕರಾರು. ನಾನು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು (ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ), ನನಗೂ ಕಾಲು ಪೋಲಿಯೊ. "ಅವರೇ ಮಾತಾಡಲಿ" ಅನ್ನೋದು ಕೇಳೋಕೆ ಚೆನ್ನಾಗಿದೆ. ಆ ಅಮ್ಮ ಒಂದು ದಿನ ಕಚೇರಿಗೆ ಬಂದರೆ ಒಂದು ದಿನದ ಕೂಲಿ ಹೋಯಿತು. ಅದೇ ಕಚೇರಿಗೆ ನಾಳೆ ರೇಷನ್ ಕಾರ್ಡಿಗೂ ಬರಬೇಕು. ಇವತ್ತು ಜೋರಾಗಿ ಕೇಳಿದರೆ ನಾಳೆ ಮುಖ ತಿರುಗಿಸುತ್ತಾರೆ ಅನ್ನುವ ಭಯ ಸುಳ್ಳಲ್ಲ. ಕೆಲವು ಸಲ ಕೆಟ್ಟವರಾಗೋದು ನಾವೇ ಆಗಬೇಕು. ನಿಮಗೆ ಆ ಊರಲ್ಲಿ ಕಳಕೊಳ್ಳೋಕೆ ಏನಿಲ್ಲ, ಎರಡು ವರ್ಷಕ್ಕೆ ಓದು ಮುಗಿಸಿ ಹೋಗ್ತೀರಿ. ಯಾರು ಮಾತಾಡಬೇಕು ಅಂತ ಮೊದಲು ಅವರನ್ನೇ ಕೇಳಿ.

ಇನ್ನೊಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ. 1995ರ ಕಾಯ್ದೆಯಲ್ಲಿ ಇದ್ದದ್ದು 7. ಫೀಲ್ಡಿಗೆ ಬರುವ ಹುಡುಗರು ಗಾಲಿಕುರ್ಚಿ ಕಂಡರೆ ಮಾತ್ರ ಪಟ್ಟಿಗೆ ಬರೆದುಕೊಳ್ಳುತ್ತಾರೆ. ಕಲಿಕೆಯ ತೊಂದರೆ ಇರುವ ಮಗುವಿಗೆ ಮನೆಯಲ್ಲೂ ಶಾಲೆಯಲ್ಲೂ ದಡ್ಡ ಅನ್ನೋ ಹೆಸರು. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟು ನಮಗೆ ಮೀಸಲು. ಅದು ಎಲ್ಲಿ ಖರ್ಚಾಯಿತು ಅಂತ ಗ್ರಾಮಸಭೆಯಲ್ಲಿ ಕೇಳಿ. ಕೇಳಿದ್ದು ನಡಾವಳಿ ಪುಸ್ತಕಕ್ಕೆ ಬಂತಾ ಅಂತ ಏಳುವ ಮುಂಚೆ ಓದಿಸಿ. ನಡಾವಳಿಯಲ್ಲಿ ಇಲ್ಲದ ಮಾತಿಗೆ ಮುಂದಿನ ಸಭೆಯಲ್ಲಿ ಯಾರೂ ಉತ್ತರ ಕೊಡಲ್ಲ.

ಚಳ್ಳಕೆರೆ ಅಕ್ಕ

ತಮ್ಮಾ, ಕೂಲಿಯ ವಿಷಯ ಒಪ್ಪಿದೆ. ಆದರೆ ನಾವು ಮಾತಾಡಿ ಮಾತಾಡಿ ಅವರಿಗೆ ಅದೇ ರೂಢಿಯಾಗುತ್ತದೆ. ಈ ಜಗಳ ನಮ್ಮಿಬ್ಬರದು ಇವತ್ತಿಗೆ ಮುಗಿಯಲ್ಲ.

ನಿವೃತ್ತ ಗುಮಾಸ್ತ

ನಾನು ಕೌಂಟರ್‌ನ ಆ ಕಡೆ ಕೂತವನು. ಎಲ್ಲರೂ ಕೆಟ್ಟವರಲ್ಲ ಅಂತ ಮೊದಲು ಹೇಳಿಬಿಡುತ್ತೇನೆ. ಒಬ್ಬನ ಮೇಜಿನ ಮೇಲೆ ಮೂವರ ಕೆಲಸ ಇರುತ್ತದೆ.

ಮಗಳೇ, ವೇತನ ನಿಂತಿದೆ ಅಂದೆಯಲ್ಲ. ನಿಜವಾಗಿ ನಿಂತಿದೆಯಾ ಅಂತ ಮೊದಲು ನೋಡು. ಈಗ ಹಣ ಬರೋದು ಆಧಾರ್ ಮೂಲಕ. ಕೊನೆಯದಾಗಿ ಯಾವ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದ್ದಾರೋ ಆ ಖಾತೆಗೆ ಹಣ ಹೋಗುತ್ತದೆ. ಸಂಘದ ಸಾಲಕ್ಕೋ ಇನ್ನೊಂದಕ್ಕೋ ಹೊಸ ಖಾತೆ ತೆರೆದು ಮರೆತಿರುತ್ತಾರೆ. ಹಳೇ ಪಾಸ್‌ಬುಕ್ ಹಿಡಿದು ನಿಂತುಹೋಯಿತು ಅಂತ ಅಳುತ್ತಾರೆ. ಹೊಸ ಅರ್ಜಿ ಹಾಕುವ ಮುಂಚೆ ಬ್ಯಾಂಕಿನಲ್ಲಿ ಇದನ್ನು ಕೇಳಿ.

ಹೊಸ ಅರ್ಜಿಯೇ ಬೇಕಾದರೆ ನಾಡಕಚೇರಿಯಲ್ಲಿ ಹಾಕಿ, ಸಕಾಲ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡಬೇಕು ಅನ್ನುವ ವ್ಯವಸ್ಥೆ) ಸಂಖ್ಯೆ ಇರುವ ಸ್ವೀಕೃತಿ ತಗೊಳ್ಳಿ. 15 ಅಂಕಿ ಇರುತ್ತದೆ. ಗಡುವು ದಾಟಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ದುಡ್ಡು ದೊಡ್ಡದಲ್ಲ, ಆದರೆ ಅದು ಸಿಬ್ಬಂದಿಯ ಸಂಬಳದಿಂದ ಹೋಗಬಹುದು ಅನ್ನೋ ಭಯ ದೊಡ್ಡದು. ಮಾಹಿತಿ ಹಕ್ಕು ಅರ್ಜಿ ಕೊನೆಗೆ ಇಟ್ಟುಕೊಳ್ಳಿ. 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. "ಯಾಕೆ ಕೊಟ್ಟಿಲ್ಲ" ಅಂತ ಬರೆಯಬೇಡಿ. "ಇಂಥ ಅರ್ಜಿಯ ಮೇಲೆ ಯಾವ ದಿನ ಯಾರು ಏನು ಕ್ರಮ ತಗೊಂಡರು, ಆ ಹಾಳೆಗಳ ನಕಲು ಕೊಡಿ" ಅಂತ ಬರೆಯಿರಿ. ಹಾಗೆ ಬರೆದ ಅರ್ಜಿ ಬಂದರೆ ನಾವೇ ಕಡತ ಹುಡುಕಿ ಕೂರುತ್ತಿದ್ದೆವು.

ಜಗಳೂರು ಹುಡುಗಿ

ಸರ್, ನೀವು ಹೇಳಿದ್ದೇ ಇರಬಹುದು. ಫೋನ್ ಮಾಡಿ ಕೇಳಿದೆ. ಹೋದ ವರ್ಷ ಸಂಘದ ಸಾಲಕ್ಕೆ ಇನ್ನೊಂದು ಬ್ಯಾಂಕಲ್ಲಿ ಖಾತೆ ತೆರೆದಿದ್ದರಂತೆ. ಪಾಸ್‌ಬುಕ್ ಪೆಟ್ಟಿಗೆಯಲ್ಲಿದೆಯಂತೆ. ಹೊಳಲ್ಕೆರೆ ಅಣ್ಣ ಹೇಳಿದ ಹಾಗೆ ಯಾರು ಮಾತಾಡಲಿ ಅಂತಲೂ ಕೇಳಿದೆ. "ಬ್ಯಾಂಕಲ್ಲಿ ನಾನು ಕೇಳ್ತೀನಿ, ಇಂಗ್ಲಿಷ್ ಬಂದರೆ ನೀನು ನೋಡ್ಕೋ" ಅಂದರು.

ಅಕ್ಕ, ಸಂಜೆ ಸಮಯದ ಬಗ್ಗೆ ನಮ್ಮ ಮೇಡಂ ಹತ್ತಿರ ಮಾತಾಡಿದೆ. ಬರೆದು ಕೊಡು, ನೋಡೋಣ ಅಂದರು. ಏನಂತ ಬರೆಯಲಿ?

ಚಳ್ಳಕೆರೆ ಅಕ್ಕ

ಅರ್ಧ ಪುಟ ಸಾಕು. ಎಷ್ಟು ಮನೆ ಬಾಗಿಲು ತಟ್ಟಿದೆವು, ಎಷ್ಟು ಹಾಕಿತ್ತು, ಜನ ಯಾವ ಹೊತ್ತಿಗೆ ಸಿಗುತ್ತಾರೆ. ಇಷ್ಟೇ. ಹೆಣ್ಣುಮಕ್ಕಳು ಕತ್ತಲಾದ ಮೇಲೆ ಹೇಗೆ ವಾಪಸ್ ಬರ್ತೀರಿ ಅಂತ ಕೇಳೇ ಕೇಳುತ್ತಾರೆ. ಅದಕ್ಕೆ ಉತ್ತರವನ್ನೂ ಅದರಲ್ಲೇ ಬರಿ: ಇಬ್ಬರಿಬ್ಬರು ಜೊತೆ, ನಾಲ್ಕರಿಂದ ಆರೂವರೆ, ಹಾಸ್ಟೆಲ್ ವಾರ್ಡನ್‌ಗೆ ಮೊದಲೇ ತಿಳಿಸಿರುತ್ತೇವೆ ಅಂತ. ನಿನ್ನ ಜೊತೆಯವರ ಸಹಿಯೂ ಇರಲಿ. ದಿನಾಂಕ ಹಾಕು, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ.