ಕಲ್ಲಂಗಡಿ ಬೀಜದಷ್ಟು ಬೆಳ್ಳಿ: ಇದು ಯಾವ ತ್ಸಾರನ ಕೊಪೆಕ್?

ಪ್ರಶ್ನೆ: ಹಳೆಯ ನಾಣ್ಯಗಳ ಒಂದು ಲಾಟ್ ಕೊಂಡೆ. ಅದರಲ್ಲಿ ರಷ್ಯಾದ ಏಳು ಬೆಳ್ಳಿ ಚೂರುಗಳಿವೆ, ಒಂದೊಂದೂ ಕಲ್ಲಂಗಡಿ ಬೀಜದಷ್ಟೇ. ಕೊಪೆಕ್ ಅನ್ನುವ ಚಿಲ್ಲರೆ ನಾಣ್ಯಗಳಂತೆ. ಒಂದು ಮುಖದಲ್ಲಿ ಕುದುರೆ ಸವಾರ, ಇನ್ನೊಂದರಲ್ಲಿ ಅರ್ಧಂಬರ್ಧ ಅಕ್ಷರ. ಮಾರಿದವರು ಎಲ್ಲವೂ ಹದಿನಾರನೇ ಶತಮಾನದ ತ್ಸಾರ್ (ರಷ್ಯಾದ ದೊರೆ) ‘ಇವಾನ್ ದಿ ಟೆರಿಬಲ್’ ಕಾಲದವು ಅಂದಿದ್ದಾರೆ. ನಂಬಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ 1: ಅಕ್ಷರದ ಹಿಂದೆ ಬೀಳಬೇಡಿ, ಮೊದಲು ತೂಕ ಹಾಕಿ. ಅಡುಗೆಮನೆ ತಕ್ಕಡಿ ಸಾಲದು, 0.01 ಗ್ರಾಂ ತೋರಿಸುವಂಥದ್ದೇ ಬೇಕು. ಬೆಳ್ಳಿ ತಂತಿಯನ್ನು ತುಂಡರಿಸಿ, ಚಪ್ಪಟೆ ಮಾಡಿ, ಎರಡು ಅಚ್ಚುಗಳ ನಡುವೆ ಇಟ್ಟು ಬಡಿದ ನಾಣ್ಯಗಳಿವು. ಆಕಾರ ಒಂದರಂತೆ ಒಂದಿಲ್ಲ, ಆದರೆ ತೂಕಕ್ಕೆ ಲೆಕ್ಕವಿತ್ತು. 1535ರಲ್ಲಿ ಇನ್ನೂ ಬಾಲಕನಾಗಿದ್ದ ಇದೇ ಇವಾನನ ಪರವಾಗಿ ಆಳುತ್ತಿದ್ದ ತಾಯಿ ಎಲೆನಾ ಗ್ಲಿನ್ಸ್ಕಾಯಾ ನಾಣ್ಯ ಸುಧಾರಣೆ ತಂದಾಗ ಕೊಪೆಕ್ 0.68 ಗ್ರಾಂ. ಹದಿನೇಳನೇ ಶತಮಾನದ ತ್ಸಾರ್ ಮಿಖಾಯಿಲ್ ರೊಮಾನೊವ್ ಕಾಲಕ್ಕೆ 0.5ರ ಆಸುಪಾಸು, 1680ರ ದಶಕದಲ್ಲಿ 0.4ರ ಹತ್ತಿರ. 1698ರಿಂದ ಮಿಖಾಯಿಲನ ಮೊಮ್ಮಗ ಪೀಟರನ (‘ಪೀಟರ್ ದಿ ಗ್ರೇಟ್’) ಕೊಪೆಕ್ ಬರೀ 0.28. ಸವೆತಕ್ಕೆ ಒಂಚೂರು ಬಿಟ್ಟುಕೊಡಿ, ಅಷ್ಟೇ. ಇವಾನ್ ಹೆಸರಿದ್ದೂ 0.4 ತೂಗಿದರೆ ಅದು ಪೀಟರನ ಅಣ್ಣ, ಐದನೇ ಇವಾನನದು. 1682ರಿಂದ 1696ರವರೆಗೆ ಇಬ್ಬರೂ ಜೊತೆಯಾಗಿ ತ್ಸಾರರು, ನಾಣ್ಯ ಮಾತ್ರ ಬೇರೆ ಬೇರೆ ಹೆಸರಲ್ಲಿ.

ಉತ್ತರ 2: ತೂಕದ ಮಾತು ಖರೆ. ಆದ್ರ ಹೆಸರು ಓದೂದ್ರಾಗ ನಾ ಮೋಸ ಹೋಗೀನಿ, ಅದನ್ನ ಹೇಳ್ತೀನಿ ಕೇಳ್ರಿ. ಅಚ್ಚು ದೊಡ್ಡದು, ಬೆಳ್ಳಿ ಸಣ್ಣದು, ಹಿಂಗಾಗಿ ಪೂರ್ತಿ ಬರಹ ಯಾವ ನಾಣ್ಯದಾಗೂ ಸಿಗೂದಿಲ್ಲ. ಮ್ಯಾಲಿನ ಸಾಲಿನ್ಯಾಗ ಬರೇ ‘ತ್ಸಾರ್ ಮತ್ತು ಮಹಾರಾಜಕುಮಾರ’ ಅನ್ನೂ ಬಿರುದು, ಅದೂ ಅಕ್ಷರ ನುಂಗಿ ಬರದಿದ್ದು. ಆಮ್ಯಾಲೆ ಹೆಸರು, ಅದರ ಹಿಂದ ಅಪ್ಪನ ಹೆಸರು. ನನ್ನ ಒಂದು ಕೊಪೆಕ್‌ನ್ಯಾಗ ‘ಮಿಖಾಯಿಲ್’ ಸ್ಪಷ್ಟ ಕಾಣತಿತ್ತು. ಎರಡು ವರ್ಷ ಅವನ ಹೆಸರಿನ್ಯಾಗ ಆಲ್ಬಮ್ಮಿನಾಗ ಇಟ್ಟಿದ್ದೆ. ಕಡೀಕೆ ನೋಡಿದ್ರ ಅದು ಮಗ ಅಲೆಕ್ಸೇಯ್‌ದು! ಅಲೆಕ್ಸೇಯ್ ಮಿಖಾಯ್ಲೊವಿಚ್. ಹಂಗ ಅಲೆಕ್ಸೇಯ್ ಅಂತ ಕಂಡದ್ದೆಲ್ಲಾ ಅಲೆಕ್ಸೇಯ್‌ದಲ್ಲ, ಪೀಟರನ ಅಪ್ಪನೂ ಅವನ. ಹೆಸರು ಯಾವ ಸಾಲಿನ್ಯಾಗ ಐತಿ ಅನ್ನೂದು ನೋಡ್ರಿ.

ಉತ್ತರ 3: ಕುದುರೆಯ ಕಾಲ ಕೆಳಗೂ ಭೂತಗನ್ನಡಿ ಹಿಡಿಯಿರಿ. ಪೀಟರನ ಕೊಪೆಕ್‌ಗಳಲ್ಲಿ 1696ರಿಂದ ಅಲ್ಲಿ ಇಸವಿ ಇರುತ್ತದೆ, ಅಂಕಿಯಲ್ಲಲ್ಲ, ಸ್ಲಾವಿಕ್ ಅಕ್ಷರಗಳಲ್ಲಿ. ಮೊದಲು ಜಗತ್ತಿನ ಸೃಷ್ಟಿಯಿಂದ ಎಣಿಸುವ ವರ್ಷ: 7204 ಅಂತಿದ್ದರೆ 5508 ಕಳೆಯಿರಿ, 1696. ಪೀಟರ್ 1700ರಲ್ಲಿ ಪಂಚಾಂಗವನ್ನೇ ಬದಲಿಸಿದ್ದರಿಂದ ಆಮೇಲಿನವು ಕ್ರಿಸ್ತಶಕದಲ್ಲಿ. ತಂತಿ ಕೊಪೆಕ್ 1718ಕ್ಕೆ ನಿಂತಿತು. ಹಳೆಯವುಗಳಲ್ಲಿ ಅಲ್ಲಿ ಅಕ್ಷರ ಕಂಡರೆ ಇಸವಿ ಅಂತ ಹಾರಬೇಡಿ, ಟಂಕಸಾಲೆಯ ಗುರುತೂ ಆಗಿರಬಹುದು.

ಉತ್ತರ 4: ಸವಾರನ ಕೈಯಲ್ಲಿ ಏನಿದೆ ಅಂತ ಯಾರೂ ಕೇಳಲೇ ಇಲ್ಲವಲ್ಲ! ಈಟಿ ಇದ್ದರೆ ಕೊಪೆಕ್, ಈಟಿಗೆ ರಷ್ಯನ್ ಮಾತು ‘ಕೊಪ್ಯೋ’. ಕತ್ತಿ ಇದ್ದರೆ ಅದು ದೆಂಗಾ, ಕೊಪೆಕ್‌ನ ಅರ್ಧ. 1535ರ ಲೆಕ್ಕದಲ್ಲಿ 0.34 ಗ್ರಾಂ.

ಖೋಟಾ ಬಗ್ಗೆ ಒಂದು ಮಾತು. ಎರಡು ನಾಣ್ಯಗಳ ಅಂಚು, ಬಿರುಕು, ಓರೆ ಎಲ್ಲ ಒಂದೇ ಥರ ಇದ್ದರೆ ಎರಡನ್ನೂ ದೂರ ಇಡಿ. ಒಂದೊಂದಾಗಿ ಬಡಿದ ನಾಣ್ಯದಲ್ಲಿ ಅದು ಹೇಗೆ ಸಾಧ್ಯ? ಎರಕದ್ದಾದರೆ ಮೈಮೇಲೆ ಗುಳ್ಳೆಯ ಸಣ್ಣ ಕುಳಿಗಳೂ ಕಾಣಬಹುದು. ಇನ್ನು, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ನಾನು ಉಜ್ಜಿದೆ, ಸವಾರನ ಮುಖವೇ ಹೋಯಿತು.

ಪ್ರಶ್ನೆ ಕೇಳಿದವರು: ಪಕ್ಕದ ಬೀದಿಯ ಅಕ್ಕಸಾಲಿಗರ ಹತ್ತಿರ ತೂಗಿಸಿದೆ. ಐದು 0.27, 0.28. ಒಂದು 0.46. ಇನ್ನೊಂದು 0.33, ಅದು ತೀರಾ ಸವೆದದ್ದು ಅಂತ ಬೇರೆ ಇಟ್ಟಿದ್ದೆ. ಈಗ ನೋಡಿದರೆ ಸವಾರನ ಕೈ ತಲೆಯ ಮೇಲೆ ಎತ್ತಿದೆ, ಕತ್ತಿಯ ಥರ ಬಾಗಿದೆ.

ಉತ್ತರ 4: ಹಾಗಾದರೆ ಇವಾನನದು ಇದ್ದರೆ ಅದೊಂದೇ. ಹಿಂಬದಿಯ ಫೋಟೋ ಹಾಕಿ, ಬೆಳಕು ಪಕ್ಕದಿಂದ ಬೀಳಲಿ.