ಬಾರಾಮತಿಯ ರೇಷ್ಮೆ ಹುಳುಮನೆಯಲ್ಲಿ ಹಾಲುತೊಂಡೆ ರೋಗ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೇಳಿದವರು (ಮಂಡ್ಯದ ಕಡೆಯವರು, ಈಗ ಪುಣೆಯ ಹಡಪಸರ): ಬಾರಾಮತಿ ಹತ್ತಿರ ಜಮೀನು ಗುತ್ತಿಗೆಗೆ ಹಿಡಿದು ರೇಷ್ಮೆ ಹುಳು ಸಾಕುತ್ತಿದ್ದೇವೆ. ನಾಲ್ಕನೇ ಜ್ವರದಿಂದ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಹುಳುಗಳಲ್ಲಿ ಕೆಲವು ಊದಿಕೊಂಡು ಹೊಳೆಯುತ್ತಿವೆ, ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲೇ ಹರಿದಾಡುತ್ತಿವೆ. ಮುಟ್ಟಿದರೆ ಹಾಲಿನಂಥ ರಸ. ಯಾವ ಔಷಧಿ ಹಾಕಬೇಕು? ಈ ಬೆಳೆ ಮುಗಿದ ಮಾರನೆಯ ದಿನವೇ ಮುಂದಿನ ಚಾಕಿ (ಮರಿ ಹುಳು) ತರಲು ಹೇಳಿಬಿಟ್ಟಿದ್ದೇವೆ.

ಶಿಡ್ಲಘಟ್ಟದವರು, ಈಗ ಪಿಂಪ್ರಿ: ಅಕ್ಕಾ, ಅದು ಹಾಲುತೊಂಡೆಯೇ. ವೈರಸ್ಸಿನ ರೋಗ. ಅಂಟಿದ ಹುಳುವನ್ನು ಬದುಕಿಸುವ ಔಷಧಿ ಇಲ್ಲ, ಯಾರಾದರೂ ಇದೆಯೆಂದು ಮಾರಲು ಬಂದರೆ ದುಡ್ಡು ಕೊಡಬೇಡಿ. ಮೊದಲು ಊದಿದ ಹುಳುಗಳನ್ನು ಕಡ್ಡಿಯಿಂದ ಎತ್ತಿ ತೆಗೆಯಿರಿ. ಚರ್ಮ ಒಡೆದರೆ ಆ ಹಾಲು ಸೊಪ್ಪಿಗೆ ಬೀಳುತ್ತದೆ, ಅದನ್ನು ತಿಂದ ಹುಳುವೂ ಹೋಗುತ್ತದೆ. ತೆಗೆದವನ್ನು ಸುಣ್ಣ ಬೆರೆತ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಹಾಕಿ, ಆಮೇಲೆ ದೂರದಲ್ಲಿ ಆಳವಾಗಿ ಹೂಳಿ. ಕೋಳಿಗೆ ಎಸೆಯುವುದು, ಹಿಪ್ಪುನೇರಳೆ ತೋಟದ ಗೊಬ್ಬರಕ್ಕೆ ಸುರಿಯುವುದು ಎರಡೂ ಬೇಡ. ಅನೇಕರ ಮನೆಯಲ್ಲಿ ರೋಗ ಬೆಳೆಯಿಂದ ಬೆಳೆಗೆ ದಾಟುವುದು ಹೀಗೆಯೇ.

ಉಳಿದ ಹುಳುಗಳಿಗೆ ಹಾಸಿಗೆಯ (ಹುಳು ಮೇಯುವ ಸೊಪ್ಪಿನ ಹಾಸು) ಮೇಲೆ ರೋಗಾಣು ಕೊಲ್ಲುವ ವಿಜೇತ ಅಥವಾ ಅಂಕುಶ್ ಪುಡಿ ಉದುರಿಸಿ. ಸಾಮಾನ್ಯವಾಗಿ ಪ್ರತಿ ಜ್ವರದಿಂದ ಎದ್ದ ಮೇಲೆ, ಸೊಪ್ಪು ಕೊಡುವ ಅರ್ಧ ಗಂಟೆ ಮೊದಲು ಹಾಕುತ್ತಾರೆ. ಹುಳು ಜ್ವರಕ್ಕೆ ಕೂತಿರುವಾಗ, ಸೊಪ್ಪು ತಿನ್ನುತ್ತಿರುವಾಗ ಹಾಕಬೇಡಿ.

ಇನ್ನು ಆ ಚಾಕಿ. ದಯವಿಟ್ಟು ಮುಂದೂಡಿ, ಮುಂಗಡ ಹೋದರೂ ಹೋಗಲಿ. ಗೂಡು ಬಿಡಿಸಿದ ಮೇಲೆ ಮನೆ ಖಾಲಿ ಮಾಡಿ, ತಟ್ಟೆ, ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟಿ), ನೆಲ, ಗೋಡೆ ಎಲ್ಲವನ್ನೂ ತೊಳೆದು ಬ್ಲೀಚಿಂಗ್ ದ್ರಾವಣ ಸಿಂಪಡಿಸಿ: 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ, 30 ಗ್ರಾಂ ಅರಳಿದ ಸುಣ್ಣ. ಹಳೆಯ, ಗಾಳಿಯಾಡಿದ ಪುಡಿಯಲ್ಲಿ ಶಕ್ತಿ ಇರುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ರಾಮನಗರದ ಕಡೆಯವರು, ಈಗ ಕೊಥ್ರೂಡ್: ಅವರ ಮಾತಿಗೆ ನನ್ನದೂ ಸೇರಲಿ. ಜೊತೆಗೆ ಅಲ್ಲಿಯ ಬಿಸಿಲನ್ನೂ ಗಮನಿಸಿ. ಕೊನೆಯ ಹಂತದ ಹುಳುವಿಗೆ 24-25 ಡಿಗ್ರಿ ಉಷ್ಣ, ಶೇ. 70ರಷ್ಟು ತೇವ ಹಿತ. ಬಿಸಿಲು ಏರಿ ಗಾಳಿ ಒಣಗಿದರೆ ಹಾಲುತೊಂಡೆ ಕೆರಳುತ್ತದೆ. ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಛಾವಣಿಯ ಮೇಲೆ ಗರಿ ಹೊದಿಸಿ. ಮಳೆ ಹಿಡಿದು ಥಂಡಿ ಬಂತೆಂದರೆ ಲೆಕ್ಕ ತಿರುವುಮುರುವು: ಆಗ ಸುಣ್ಣಕಟ್ಟು ರೋಗದ ಕಾಟ. ಸತ್ತ ಹುಳು ಗಟ್ಟಿಯಾಗಿ ಬೆಳ್ಳಗಾಗುವ ಮೊದಲೇ ಎತ್ತಬೇಕು, ಆ ಬಿಳಿ ಪುಡಿಯೇ ಶಿಲೀಂಧ್ರದ ಬೀಜ.

ಕೊಳ್ಳೇಗಾಲದವರು, ಈಗ ಬಾರಾಮತಿ: ಚಾಕಿ ತರುವ ಕಡೆ ಮೊಟ್ಟೆ ಎಲ್ಲಿಯದೆಂದು ಕೇಳಿಯೇ ತನ್ನಿ. ಗಂಟು ರೋಗ (ಪೆಬ್ರಿನ್) ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಗೇ ಬರುತ್ತದೆ, ನೀವು ಎಷ್ಟು ತೊಳೆದರೂ ಅದಕ್ಕೆ ತಡೆಯಿಲ್ಲ. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟಂತೆ, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪಾಸಾದ ಮೊಟ್ಟೆಯನ್ನೇ ಇಂದಿಗೂ ಕೊಡುತ್ತಾರೆ. ಹುಳುಗಳು ಒಂದೇ ಸಮ ಬೆಳೆಯದೆ ಸಣ್ಣದು ದೊಡ್ಡದಾಗಿ ಉಳಿದರೆ ಕೆಲವನ್ನು ರೇಷ್ಮೆ ಇಲಾಖೆಯವರಿಗೆ ಪರೀಕ್ಷೆಗೆ ಕೊಡಿ. ನನ್ನ ಹುಳುಮನೆ ನಿಮ್ಮಿಂದ ದೂರವಿಲ್ಲ. ತೊಳೆಯುವ ದಿನ ತಿಳಿಸಿ, ಪಂಪು ತರುತ್ತೇನೆ.