ಬ್ಲಾಕ್‌ಚೈನ್ ಹ್ಯಾಕಥಾನ್‌ಗೆ ಸರ್ಟಿಫಿಕೇಟ್ ಐಡಿಯಾ ತಗೊಂಡು ಹೋಗ್ಬಹುದಾ?

ಚುಕ್ಕಿ_ಕೋಡ್:
ನಾವು ನಾಲ್ಕು ಜನ ಸೇರಿ ಒಂದು ಸ್ಟೂಡೆಂಟ್ ಹ್ಯಾಕಥಾನ್‌ಗೆ ಹೆಸರು ಕೊಡೋಣ ಅಂತಿದೀವಿ, ಥೀಮ್ ಶಿಕ್ಷಣದಲ್ಲಿ ಬ್ಲಾಕ್‌ಚೈನ್, ಸಿಗೋ ಟೈಮ್ 36 ಗಂಟೆ. ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು ಎಲ್ಲಾ ಚೈನ್ ಮೇಲೆ, ಅಂದ್ರೆ ತುಂಬಾ ಕಂಪ್ಯೂಟರ್‌ಗಳಲ್ಲಿ ಪ್ರತಿ ಇರೋ, ಆಮೇಲೆ ತಿದ್ದೋಕಾಗದ ದಾಖಲೆಯಲ್ಲಿ ಹಾಕ್ಬಿಟ್ರೆ ಯಾರೂ ನಕಲಿ ಮಾಡೋಕಾಗಲ್ಲ ಅನ್ನೋದು ನಮ್ಮ ಐಡಿಯಾ. ಟೀಮಲ್ಲಿ ಒಬ್ಬಳಿಗೆ ಮಾತ್ರ ಸಾಲಿಡಿಟಿ (ಬ್ಲಾಕ್‌ಚೈನ್ ಪ್ರೋಗ್ರಾಮ್ ಬರೆಯೋ ಭಾಷೆ) ಸ್ವಲ್ಪ ಬರತ್ತೆ, ಉಳಿದವರೆಲ್ಲ ವೆಬ್ ಕಡೆಯವರು. ಈಗ್ಲೇ ಹೋಗೋದಾ, ಇಲ್ಲ ಇನ್ನೊಂದು ವರ್ಷ ಕಲ್ತು ಆಮೇಲೆ ನೋಡೋದಾ?

ಬೇಸ್_ಬಿಟ್:
ಹೋಗಿ, ಆದ್ರೆ ಐಡಿಯಾ ಬದಲಾಯ್ಸಿ. ಇದು ಹಳೇದು. ನಿಕೋಸಿಯಾ ಯೂನಿವರ್ಸಿಟಿ 2014ರಲ್ಲೇ ತನ್ನ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್‌ಗಳ ಹ್ಯಾಶನ್ನ (ಮಾಹಿತಿಯಿಂದ ಲೆಕ್ಕ ಹಾಕಿ ತೆಗೆಯೋ ಬೆರಳಚ್ಚಿನಂಥ ಸಂಖ್ಯೆ, ಒಂದಕ್ಷರ ಬದಲಾದ್ರೂ ಪೂರ್ತಿ ಬದಲಾಗತ್ತೆ) ಬಿಟ್‌ಕಾಯಿನ್ ಚೈನಲ್ಲಿ ಇಟ್ಟಿತ್ತು, 2017ರಲ್ಲಿ ಎಂಐಟಿ ಬ್ಲಾಕ್‌ಸರ್ಟ್ಸ್ ಅನ್ನೋ ಸರ್ಟಿಫಿಕೇಟ್ ವ್ಯವಸ್ಥೆ ಬಳಸಿ 111 ವಿದ್ಯಾರ್ಥಿಗಳಿಗೆ ಡಿಜಿಟಲ್ ಡಿಪ್ಲೊಮಾ ಕೊಡ್ತು. ಅದೂ ಅಲ್ದೆ ಇದಕ್ಕೆ ಚೈನೇ ಯಾಕೆ ಬೇಕು? ಕಾಲೇಜು ತನ್ನ ಪ್ರೈವೇಟ್ ಕೀ (ತನ್ನ ಹತ್ರ ಮಾತ್ರ ಇರೋ ಗುಟ್ಟಿನ ಸಂಖ್ಯೆ) ಇಂದ ಸರ್ಟಿಫಿಕೇಟ್ ಸೈನ್ ಮಾಡ್ಲಿ, ಅದರ ಜೋಡಿಯಾದ ಪಬ್ಲಿಕ್ ಕೀ ವೆಬ್‌ಸೈಟಲ್ಲಿ ಹಾಕ್ಲಿ, ಯಾರು ಬೇಕಾದ್ರೂ ಚೆಕ್ ಮಾಡ್ಬಹುದು. ಡಿಜಿಟಲ್ ಸಿಗ್ನೇಚರ್ ಸಾಕು. ಜಡ್ಜ್‌ಗಳು ಕೇಳೋ ಮೊದಲ ಪ್ರಶ್ನೆನೂ ಇದೇ, ಮಾಮೂಲಿ ಡೇಟಾಬೇಸಲ್ಲಿ ಯಾಕಾಗಲ್ಲ ಅಂತ.

ಕೀಲಿಕೈ:
ಸಿಗ್ನೇಚರ್ ಸಾಕು ಅನ್ನೋದು ಅರ್ಧ ನಿಜ. ಕಾಲೇಜಿನ ಪ್ರೈವೇಟ್ ಕೀ ಕಳ್ಳತನ ಆಯ್ತು ಅನ್ಕೊಳ್ಳಿ. ಕದ್ದವನು ಇವತ್ತು ಕೂತ್ಕೊಂಡು ಐದು ವರ್ಷ ಹಿಂದಿನ ತಾರೀಕು ಹಾಕಿ ಡಿಗ್ರಿ ಸೈನ್ ಮಾಡ್ಬಹುದು, ಚೆಕ್ ಮಾಡಿದ್ರೆ ಸಿಗ್ನೇಚರ್ ಸರಿಯಾಗೇ ಇರತ್ತೆ. ಆ ವರ್ಷದ ಪಟ್ಟಿಯ ಹ್ಯಾಶ್ ಆವಾಗ್ಲೇ ಚೈನ್ ಮೇಲೆ ಕೂತಿದ್ರೆ ಈ ಆಟ ನಡೆಯಲ್ಲ. ಕಾಲೇಜು ಮುಚ್ಚಿಹೋಗಿ ವೆಬ್‌ಸೈಟೇ ಇಲ್ದಿದ್ರೂ ಪುರಾವೆ ಉಳಿಯತ್ತೆ. ಹಾಗಾಗಿ ನಕಲಿ ತಡೀತೀವಿ ಅಂತ ಹೇಳ್ಬೇಡಿ, ತಾರೀಕು ಹಿಂದೆ ಹಾಕೋದನ್ನ ತಡೀತೀವಿ ಅನ್ನಿ.

ಬೇಸ್_ಬಿಟ್:
@ಕೀಲಿಕೈ ಒಳ್ಳೆ ಪಾಯಿಂಟ್, ಆದ್ರೆ ಅದಕ್ಕೂ ಬ್ಲಾಕ್‌ಚೈನ್ ಬೇಕೇಬೇಕು ಅಂತಿಲ್ಲ. ಹೇಬರ್ ಮತ್ತೆ ಸ್ಟಾರ್ನೆಟಾ ಅನ್ನೋ ಸಂಶೋಧಕರು 1991ರಲ್ಲೇ ದಾಖಲೆಗಳಿಗೆ ಟೈಮ್‌ಸ್ಟ್ಯಾಂಪ್ ಹಾಕೋ ವಿಧಾನ ಬರೆದ್ರು, 1995ರಿಂದ ಅವರ ಕಂಪನಿ ಹ್ಯಾಶನ್ನ ನ್ಯೂಯಾರ್ಕ್ ಟೈಮ್ಸ್ ಪೇಪರಲ್ಲೇ ಅಚ್ಚು ಹಾಕಿಸ್ತಿತ್ತು. ಎಲ್ಲರ ಕೈಗೂ ಹೋದ ಪೇಪರನ್ನ ವಾಪಸ್ ತಗೊಂಡು ಯಾರು ತಿದ್ದೋಕಾಗತ್ತೆ? ಇನ್ನೊಂದು ವಿಷ್ಯ, ದುಡ್ಡು ತಗೊಂಡು ಕೊಟ್ಟ ಸರ್ಟಿಫಿಕೇಟೂ ಚೈನ್ ಮೇಲೆ ಅಷ್ಟೇ ಭದ್ರವಾಗಿ ಕೂರತ್ತೆ. ಒಳಗೆ ಹೋಗೋದು ಸುಳ್ಳಾದ್ರೆ ಚೈನ್ ಏನೂ ಮಾಡಲ್ಲ.

ಪಾಠದ_ಮೇಜು:
ನಾನು ಪಾಠ ಮಾಡೋಳು, ವಿದ್ಯಾರ್ಥಿಗಳ ಟೀಮ್‌ಗಳ ಜೊತೆ ಮೆಂಟರ್ ಆಗಿ ಕೂತಿದೀನಿ, ನನಗೆ ಭಯ ಬೇರೆ ಇದೆ. "ಎಲ್ಲಾ ಚೈನ್ ಮೇಲೆ" ಅಂದ್ರಲ್ಲ ಚುಕ್ಕಿ, ದಯವಿಟ್ಟು ಅದು ಬೇಡ. ಒಂದು ಮಗುವಿನ ಮಾರ್ಕ್ಸನ್ನ ಯಾವತ್ತೂ ಅಳಿಸೋಕಾಗದ ಜಾಗದಲ್ಲಿ ಹಾಕೋ ಹಕ್ಕು ನಮಗಿಲ್ಲ. ಯುರೋಪಲ್ಲಿ 2018ರಿಂದ ಜಾರಿಯಲ್ಲಿರೋ ಜಿಡಿಪಿಆರ್ ಕಾನೂನು ತನ್ನ ಮಾಹಿತಿ ಅಳಿಸಿ ಅಂತ ಕೇಳೋ ಹಕ್ಕು ಕೊಡತ್ತೆ.

ಬರೀ ಹ್ಯಾಶ್ ಹಾಕಿದ್ರೆ ಸೇಫ್ ಅಂತಾನೂ ಅನ್ಕೋಬೇಡಿ. ಹೆಸರು, ರೋಲ್ ನಂಬರ್ ಗೊತ್ತಿದ್ದು ಒಂದು ವಿಷಯದ ಮಾರ್ಕ್ಸ್ ಮಾತ್ರ ಗುಟ್ಟು ಅಂದ್ರೆ, ಸೊನ್ನೆಯಿಂದ ನೂರರ ತನಕ 101 ಸಲ ಹ್ಯಾಶ್ ಮಾಡಿ ಹೋಲ್ಸಿ ನೋಡಿದ್ರೆ ಮುಗೀತು, ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸೋ ಹೊತ್ತೂ ಅಲ್ಲ. ಪ್ರತಿ ಸರ್ಟಿಫಿಕೇಟಿಗೂ ಬೇರೆ ಬೇರೆ ರ‍್ಯಾಂಡಮ್ ಸಾಲ್ಟ್, ಅಂದ್ರೆ ಊಹಿಸೋಕಾಗದ ಉದ್ದನೆ ಸಂಖ್ಯೆ, ಸೇರಿಸಿ ಹ್ಯಾಶ್ ಮಾಡಿ, ಆ ಸಾಲ್ಟ್ ವಿದ್ಯಾರ್ಥಿ ಹತ್ರ ಇರೋ ಫೈಲಲ್ಲೇ ಇರ್ಲಿ.

ಚುಕ್ಕಿ_ಕೋಡ್:
ಮೇಡಂ ಇದು ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ಹಾಗಾದ್ರೆ ಚೈನ್ ಮೇಲೆ ಏನು ಹೋಗ್ಬೇಕು? ಸಾವಿರ ವಿದ್ಯಾರ್ಥಿಗಳಿದ್ರೆ ಸಾವಿರ ಟ್ರಾನ್ಸಾಕ್ಷನ್ನಾ?

ಕೀಲಿಕೈ:
ಒಂದೇ ಒಂದು. ಎಲ್ಲಾ ಹ್ಯಾಶ್ ಸೇರ್ಸಿ ಮರ್ಕಲ್ ಟ್ರೀ ಕಟ್ಟಿ, ಅಂದ್ರೆ ಎರಡೆರಡು ಹ್ಯಾಶ್ ಜೋಡ್ಸಿ ಮತ್ತೆ ಹ್ಯಾಶ್ ಮಾಡ್ತಾ ಒಂದೇ ಉಳಿಯೋ ತನಕ ಹೋಗಿ, ಆ ಕೊನೇ ಹ್ಯಾಶ್ ಆದ ರೂಟ್ ಮಾತ್ರ ಚೈನಿಗೆ ಕಳ್ಸಿ, ಅದು 32 ಬೈಟ್. ಒಬ್ಬ ವಿದ್ಯಾರ್ಥಿ ತಂದು ಪ್ರೂವ್ ಮಾಡೋಕೆ ಸುಮಾರು ಹತ್ತು ಹ್ಯಾಶ್ ಇದ್ರೆ ಆಯ್ತು, ಯಾಕಂದ್ರೆ ಹಂತಕ್ಕೊಂದು ಹ್ಯಾಶ್ ಬೇಕು, ಎರಡರ ಹತ್ತನೇ ಘಾತ 1024. ಸೆಪೋಲಿಯಾ ಥರದ ಟೆಸ್ಟ್‌ನೆಟ್ (ಇಥೀರಿಯಮ್ ಬ್ಲಾಕ್‌ಚೈನಿನ ಪ್ರಯೋಗದ ಜಾಲ) ಸಾಕು, ಅಲ್ಲಿ ಶುಲ್ಕ ಕಟ್ಟೋಕೆ ಬೇಕಾದ ಟೆಸ್ಟ್ ಈಥರ್ ಮೊದ್ಲೇ ತಗೊಂಡಿಟ್ಕೊಳ್ಳಿ, ನೆಟ್ ಕೈ ಕೊಟ್ರೆ ಅಂತ ಹಾರ್ಡ್‌ಹ್ಯಾಟ್ ಅನ್ನೋ ಟೂಲಲ್ಲಿ ಲೋಕಲ್ ಚೈನ್ ಒಂದು ರೆಡಿ ಇರ್ಲಿ. ಕಾಂಟ್ರಾಕ್ಟ್ (ಚೈನ್ ಮೇಲೆ ಓಡೋ ಪ್ರೋಗ್ರಾಮ್) ತುಂಬಾ ಚಿಕ್ಕದಾಗತ್ತೆ, ವೆಬ್ ಗೊತ್ತಿರೋ ಮೂವರಿಗೂ ಕೈ ತುಂಬಾ ಕೆಲ್ಸ ಇರತ್ತೆ.

ಅಕ್ಷರಪ್ರಿಯ:
ತಡವಾಗಿ ಬಂದೆ. ಪಿಡಿಎಫ್ ಹ್ಯಾಶ್ ಮಾಡೋಕೆ ಹೋಗ್ಬೇಡಿ ಗುರು, ತೆಗೆದು ಮತ್ತೆ ಸೇವ್ ಮಾಡಿದ್ರೆ ಒಳಗಿನ ಬೈಟ್‌ಗಳು ಬದಲಾಗ್ಬಿಡತ್ತೆ, ಅಸಲಿ ಸರ್ಟಿಫಿಕೇಟೇ ನಕಲಿ ಅಂತ ತೋರ್ಸತ್ತೆ. ಮಾಹಿತಿನ ಜೇಸನ್ (ಫೀಲ್ಡ್ ಹೆಸರು, ಅದರ ಮುಂದೆ ಮಾಹಿತಿ ಅಂತ ಬರೆಯೋ ಪಠ್ಯ ರೂಪ) ಮಾಡಿ ಫೀಲ್ಡ್‌ಗಳ ಕ್ರಮ ಫಿಕ್ಸ್ ಮಾಡಿ ಅದನ್ನ ಹ್ಯಾಶ್ ಮಾಡಿ. ಹೆಸರು ಕನ್ನಡದಲ್ಲಿದ್ರೆ ಇನ್ನೂ ಹುಷಾರು. "ಕೊ" ಅನ್ನೋದನ್ನ ಯೂನಿಕೋಡಲ್ಲಿ ಒಂದೇ ಸ್ವರಚಿಹ್ನೆಯಾಗೂ ಇಡ್ಬಹುದು, ಎತ್ವ ಮತ್ತೆ ದೀರ್ಘ ಉಕಾರದ ಚಿಹ್ನೆ ಅಂತ ಎರಡು ತುಂಡಾಗೂ ಇಡ್ಬಹುದು, ಸ್ಕ್ರೀನಲ್ಲಿ ಎರಡೂ ಒಂದೇ ಥರ ಕಾಣತ್ತೆ ಆದ್ರೆ ಹ್ಯಾಶ್ ಪೂರ್ತಿ ಬೇರೆ. ಎನ್‌ಎಫ್‌ಸಿ ನಾರ್ಮಲೈಸೇಷನ್ (ಇಂಥವನ್ನ ಒಂದೇ ರೂಪಕ್ಕೆ ತರೋ ಯೂನಿಕೋಡ್ ವಿಧಾನ) ಮಾಡಿ ಆಮೇಲೆ ಹ್ಯಾಶ್ ಮಾಡಿ. ಕಣ್ಣಿಗೆ ಕಾಣದ ಜಾಯ್ನರ್ ಕ್ಯಾರೆಕ್ಟರ್‌ಗಳು ಅದರಿಂದ ಹೋಗಲ್ಲ, ಅದಕ್ಕೆ ನೀವೇ ಒಂದು ನಿಯಮ ಮಾಡ್ಕೋಬೇಕು. ನಮ್ಮ ಲಿಪಿಯ ಈ ಸಮಸ್ಯೆ ಬಗೆಹರಿಸೋಕೆ ನಮ್ಮ ಹುಡುಗ್ರೇ ಕೂರ್ಬೇಕು, ಇದನ್ನೇ ಡೆಮೋ ಮಾಡಿ ತೋರ್ಸಿ.

ಚುಕ್ಕಿ_ಕೋಡ್:
ಹೆಸರು ಕೊಡ್ತಿದೀವಿ! ಕನ್ನಡ ಹೆಸರಿನ ಸರ್ಟಿಫಿಕೇಟ್, ಸಾಲ್ಟು, ಮರ್ಕಲ್ ರೂಟು, ವೆರಿಫೈ ಪೇಜು, ಇಷ್ಟಕ್ಕೇ ನಿಲ್ಲಿಸ್ತೀವಿ. ವಿದ್ಯಾರ್ಥಿಗಳಿಗೆ ವಾಲೆಟ್ (ಚೈನ್ ಬಳಸೋಕೆ ತಮ್ಮ ಕೀ ಇಟ್ಕೊಳ್ಳೋ ಸಾಫ್ಟ್‌ವೇರ್) ಬೇಕಾ?

ಪಾಠದ_ಮೇಜು:
ಬೇಡ. ಕೀ ಕಳ್ಕೊಂಡ್ರೆ ಡಿಗ್ರಿನೂ ಕಳ್ಕೊಂಡ ಹಾಗಾಗ್ಬಾರ್ದು, ಫೈಲ್ ಇದ್ರೆ ಸಾಕು.

ಬೇಸ್_ಬಿಟ್:
ಚೈನ್ ಬೇಕೇಬೇಕು ಅಂತ ನಾನಿನ್ನೂ ಒಪ್ಪಿಲ್ಲ, ಆದ್ರೆ ಈ ರೂಪದಲ್ಲಾದ್ರೆ ಮಾಡಿ. ತಪ್ಪಾಗಿ ಕೊಟ್ಟ ಸರ್ಟಿಫಿಕೇಟ್ ರದ್ದು ಮಾಡೋ ದಾರಿ ಮಾತ್ರ ಮರೀಬೇಡಿ, ರೂಟ್ ಒಂದ್ಸಲ ಹೋದ್ಮೇಲೆ ತಿದ್ದೋಕಾಗಲ್ಲ, ರದ್ದಾದವುಗಳ ಲಿಸ್ಟ್ ಬೇರೆ ಇಟ್ಟು ವೆರಿಫೈ ಪೇಜ್ ಎರಡನ್ನೂ ನೋಡೋ ಹಾಗೆ ಮಾಡಿ. ಕೋಡ್ ಹಾಕಿದ್ಮೇಲೆ ಲಿಂಕ್ ಕಳ್ಸಿ, ಕೂತು ರಿವ್ಯೂ ಮಾಡ್ಕೊಡ್ತೀನಿ.